ಹದಿನಾಲ್ಕು ಸೆಕೆಂಡು

ನನ್ನದು ಹೊಲಿಗೆಯ ಕೆಲಸ. ಹಾರಲು ಬಾರದು,
ಏಣಿ ಹತ್ತಿದರೂ ಕಾಲು ನಡುಗುತ್ತದೆ.
ವಿಸ್ತುಲಾ ನದಿಯ ಈಚೆ ದಡ, ಸಕ್ಕರೆ ಬೀಟಿನ ಹೊಲಗಳ ನಡುವೆ
ಮುಚ್ಚಿಹೋದ ಸಹಕಾರಿ ಸಂಘದ ಟ್ರಾಕ್ಟರ್ ಶೆಡ್ಡು;
ಉದ್ದನೆಯ ಮೇಜು, ಎರಡು ಮಷೀನು, ಒಂದು ಮೀಟರು.
ಪೋಲೆಂಡಿನ ಆಕಾಶದಲ್ಲಿ ಒಂದಷ್ಟು
ಮಡಿಕೆಯಾಗಿ, ಚೀಲದಲ್ಲಿ ತುಂಬಿ
ನನ್ನ ಬಾಗಿಲಿಗೆ ಬರುತ್ತದೆ.

ಮೀಟರು ಬಟ್ಟೆಯನ್ನು ಕಚ್ಚಿ ಗಾಳಿ ಎಳೆಯುತ್ತದೆ,
ಎಷ್ಟು ಹೊತ್ತು ತಡೆದೀತೆಂದು ಎಣಿಸುತ್ತದೆ.
ಹೊಸ ಬಟ್ಟೆ ಮುಳುಗುಗಾರನ ಹಾಗೆ,
ನಾನು ಚಹಾ ಕುಡಿದು ಬಂದರೂ ಉಸಿರು ಬಿಟ್ಟಿರುವುದಿಲ್ಲ.
ಹಳೆಯದಕ್ಕೆ ಮೊದಲ ಮೆಟ್ಟಿಲಲ್ಲೇ ಏದುಸಿರು.
"ಮೂವತ್ತೇ ಗಂಟೆ ಹಾರಿಸಿದ್ದು, ಬಿಸಿಲು ಕಂಡದ್ದೇ ಇಲ್ಲ"
ಅನ್ನುತ್ತಾನೆ ಮಾರುವವನು.
ಮುನ್ನೂರು ಅನ್ನುತ್ತದೆ ಬಟ್ಟೆ, ಜೊತೆಗೆ ಬಾಲ್ಟಿಕ್ ಕಡಲ ಮರಳು.
ಆ ಮರಳನ್ನು ಜಾಡಿಯೊಂದರಲ್ಲಿ ಕೂಡಿಡುತ್ತೇನೆ.
ಯಾರಿಗೂ ತೋರಿಸಿಲ್ಲ.

ಗ್ನೆವೊಮಿರ್ ಕಲಿಸುವುದು ಹನ್ನೆರಡು ದಿನ.
ಏಳು ದಿನ ಎಂಜಿನ್ ಮುಟ್ಟಕೂಡದು,
ನೆಲದ ಮೇಲೇ ನಿಂತು ರೆಕ್ಕೆಯನ್ನು ನೆತ್ತಿಗೆ ನಿಲ್ಲಿಸು,
ಕಣ್ಣು ಮುಚ್ಚಿ ನಿಲ್ಲಿಸು, ಬೇಸರ ಬರುವ ತನಕ ನಿಲ್ಲಿಸು.
ಅರ್ಧ ಜನ ನಾಲ್ಕನೆಯ ದಿನಕ್ಕೆ ಮಾಯ.
(ತನ್ನ ಸೊಂಟದ ಮೊಳೆಗಳ ಕಥೆಯನ್ನು ಮಾತ್ರ
ವರ್ಷಕ್ಕೊಂದು ಥರ ಹೇಳುತ್ತಾನೆ.)
ದೊಬ್ರೊಸ್ವಾಫ್ ಪ್ಯಾರಾಮೋಟಾರ್ ಮಾರುತ್ತಾನೆ,
ಕೊಂಡವರಿಗೆ ಎರಡು ದಿನದ ಪಾಠ ಉಚಿತ.
"ಓಡಲು ಬಂದರೆ ಹಾರಲು ಬಂದಂತೆ,
ಮುದುಕನಿಗೆ ಹೊಟ್ಟೆಕಿಚ್ಚು."

ಕ್ಸಾವೆರಿ ಬ್ರೆಡ್ಡಿನ ವ್ಯಾನು ಓಡಿಸುವ ಹುಡುಗ.
ಬೆಳಗಿನ ಜಾವ ಮೂರಕ್ಕೆ ಎದ್ದು, ಎರಡು ವರ್ಷ ಕೂಡಿಟ್ಟು
ಹಳೆಯ ರೆಕ್ಕೆ, ಹೊಸ ಎಂಜಿನ್ನು ಕೊಂಡ.
ಸೆಪ್ಟೆಂಬರಿನ ಒಂದು ಸಂಜೆ ನೆಲ ಬಿಟ್ಟು ಏಳು ಮೀಟರಿನಲ್ಲಿ
ಪ್ರೊಪೆಲರ್ ಮೈಯನ್ನು ಎಡಕ್ಕೆ ತಿರುಚಿತು.
ಹೆದರಿದ ಬಲಗೈ ಬ್ರೇಕನ್ನು ಸೊಂಟದವರೆಗೂ ಎಳೆಯಿತು.
ಎಳೆದ ಕೈಯನ್ನು ಸಡಿಲ ಬಿಡುವುದು
ಎಂಟನೆಯ ದಿನದ ಪಾಠ.
ತೊಡೆಯ ಮೂಳೆ, ದವಡೆ,
ಒಂದು ಸಾಲು ಬೀಟು.

ಅಗ್ನಿಶಾಮಕ ಠಾಣೆಯ ಹಜಾರದಲ್ಲಿ ಸಭೆ.
ತರಬೇತಿಯ ಪುಸ್ತಕದಲ್ಲಿ ಹನ್ನೆರಡು ದಿನ, ಹನ್ನೆರಡು ಸಹಿ,
ಒಂದೇ ಪೆನ್ನು, ಒಂದೇ ಅವಸರ.
"ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ..."
ಎಂದು ಶುರು ಮಾಡಿದ ದೊಬ್ರೊಸ್ವಾಫ್.
ನಾನು ಎದ್ದು ನಿಂತೆ: ಇದರಲ್ಲಿ ಐದು ದಿನ
ನದಿ ನನ್ನ ಶೆಡ್ಡಿನೊಳಗಿತ್ತು, ಮೊಣಕಾಲುದ್ದ;
ಗೋಡೆಯ ಮೇಲೆ ಗೆರೆ ಇನ್ನೂ ಇದೆ, ಬಂದು ನೋಡಿ.
ಯಾವ ಹೊಲದಲ್ಲಿ ಓಡಿಸಿದೆ ಹುಡುಗನನ್ನು?
ಸಭೆ ಸದ್ದಡಗಿತು. ಯಾರೋ ನನ್ನ ಭುಜ ತಟ್ಟಿದರು.
ಗ್ನೆವೊಮಿರ್ ಟೋಪಿ ತೆಗೆದ.

ಆ ರೆಕ್ಕೆಗೆ ತಪಾಸಣೆಯ ಚೀಟಿ ಬರೆದವಳು ನಾನೇ.
ಹದಿನೈದು ಸೆಕೆಂಡು ನಿಯಮದ ಗೆರೆ.
ನಡುಭಾಗದಲ್ಲಿ ಮೂರು ಸಲ ಇಟ್ಟೆ, ಮೂರು ಸಲವೂ ಹದಿನಾಲ್ಕು.
ಕ್ಸಾವೆರಿ ಎದುರಿಗೇ ನಿಂತಿದ್ದ, ಅಂಗಿಯ ಮೇಲೆ ಹಿಟ್ಟು,
ನನಗೆಂದು ತಂದ ರೊಟ್ಟಿ ಇನ್ನೂ ಬಿಸಿ.
ಹದಿನಾರು ಎಂದು ಬರೆದೆ.
ಎರಡು ಸೆಕೆಂಡು ನನ್ನ ಕೈಯಿಂದ ಹಾಕಿದೆ.

ಬಿದ್ದದ್ದು ಬಟ್ಟೆಯಿಂದಲ್ಲ, ಬಲಗೈಯಿಂದ:
ಪರಿಣತರೂ ಹಾಗೇ ಬರೆದರು.
ನಿಜವೇ ಇರಬೇಕು.
ಆ ಸಭೆಯಲ್ಲಿ ನಾನು ಹೇಳಿದ್ದೂ ನಿಜವೇ.

ಮೊನ್ನೆ ಊರುಗೋಲು ಹಿಡಿದು ಬಂದ.
"ಇದನ್ನು ಮಾರಬಹುದಾ?" ಎಂದು ಕೇಳಿದ.
ಉತ್ತರ ಕೊಡದೆ ರೆಕ್ಕೆ ಬಿಚ್ಚಿ ಹರಡಿದೆ,
ಅವನ ಕಣ್ಣೆದುರೇ ಮೀಟರು ಕಚ್ಚಿಸಿ ಗಟ್ಟಿಯಾಗಿ ಎಣಿಸಿದೆ.
ಹದಿನಾಲ್ಕು.
ಹಳೆಯ ಚೀಟಿಯನ್ನು ಪಕ್ಕದಲ್ಲಿಟ್ಟೆ.
ಅವನು ಚೀಟಿ ನೋಡಿದ, ನನ್ನನ್ನು ನೋಡಿದ,
ತಂತಿ ಕಟ್ಟಿದ ದವಡೆಯಿಂದ ನಿಧಾನವಾಗಿ ಅಂದ:
"ಇನ್ನೊಮ್ಮೆ ಇಡಿ."

ಇಟ್ಟೆ.
ಹದಿಮೂರು.